ಉಸುಕಿನ ಕಡಿ ಹಾಡಿದವ

ನನ್ನ ಅಂಗಡ್ಯಾಗ ಸುಟ್ಟ ಮೋಟರುಗಳ ನಡುವ ಒಂದು ತಾಮ್ರದ ಕೊಡ ಕುಂತದ. ಅಫಜಲಪುರದ ಬಸ್‌ಸ್ಟ್ಯಾಂಡಿನಿಂದ ಜರಾ ಮುಂದ ಬಂದ್ರ ಮೋಟರ್ ಕಟ್ಟೋ ಅಂಗಡಿ ನನ್ನದು. ರೈತರು ಪಂಪಿನ ಮೋಟರ್ ಸುಟ್ಟುಕೊಂಡು ತರ್ತಾರ, ನಾ ಹಳೀ ತಂತಿ ಬಿಚ್ಚಿ ಹೊಸಾ ತಂತಿ ಸುತ್ತಿ ಕೊಡ್ತೇನಿ. ಎಣ್ಣಿ, ಮಸಿ, ವಾರ್ನಿಷ್ ವಾಸನಿ ಬಿಟ್ರ ಇಲ್ಲಿ ಮತ್ತೇನೂ ಇಲ್ಲ. ಇಂಥಾದ್ರಾಗ ಬೆಳಗಿದ ಕೊಡ ಒಂದು ಫಳಫಳ ಅಂತ ಕುಂತ್ರ ಬಂದವರು ಕೇಳೇ ಕೇಳ್ತಾರ.

"ಕುಡಿಯೋ ನೀರೇನ್ರಿ ಕಾಕಾ?"

"ಅಲ್ಲ" ಅಂತೇನಿ.

ಖರೇ ಹೇಳಬೇಕಂದ್ರ ಅದು ಕುಡಿಯೋ ನೀರೇ. ಆದ್ರ ಯಾರಾದ್ರೂ ಹೌದೇನು ಅಂದ್ರ ಅಲ್ಲ ಅನ್ನೋದು, ಅಲ್ಲೇನು ಅಂದ್ರ ಹೌದು ಅನ್ನೋದು ನನ್ನ ಚಟ. ತಂಬಾಕದ ಚಟ ಬಿಟ್ಟೆ, ಚಾದಾಗ ಸಕ್ಕರಿ ಬಿಟ್ಟೆ, ಇದೊಂದು ಬಿಡಲಿಲ್ಲ. ನಮ್ಮ ಮನ್ಯಾಕಿ ಶಾಂತಾಬಾಯಿ ಮುಂಜಾನೆದ್ದು "ಇವತ್ತ ಬಿಸಲು ಭಾಳ ಅದರಿ" ಅಂದ್ರ ನನ್ನ ಬಾಯಾಗಿಂದ ತಾನೇ ಬರ್ತದ, "ಎಲ್ಲಿ ಭಾಳ? ನಿನ್ನಿ ಇದಕ್ಕಿಂತ ಜಾಸ್ತಿ ಇತ್ತು." ಅಕಿ ಬಾಗಲದಾಗ ನಿಂತು ನನ್ನ ಮಾರಿನೇ ನೋಡ್ತಾಳ. "ನಿನ್ನಿ ಇದೇ ಮಾತು ಅಂದಿದ್ದೆ. ಆವಾಗ ಮೊನ್ನಿ ಜಾಸ್ತಿ ಇತ್ತು ಅಂದ್ರಿ. ಶುರು ಆತು ನೋಡ್ರಿ ನಿಮ್ಮ ಹರದೇಶಿ!" ಡಾಕ್ಟರು ನನ್ನ ತೋಳಿಗಿ ಪಟ್ಟಿ ಕಟ್ಟಿ "ಬಿ.ಪಿ. ಜಾಸ್ತಿ ಅದ" ಅಂದ್ರ, "ನಿಮ್ಮ ಮಷೀನೇ ಜಾಸ್ತಿ ಓಡಾಕತ್ತದ ನೋಡ್ರಿ" ಅಂದಂವ ನಾ. ಡಾಕ್ಟರು ನಕ್ಕರು. ಶಾಂತಾಬಾಯಿ ನಗಲಿಲ್ಲ.

ಹರದೇಶಿ ಅಂದ್ರ ಏನಂತ ಈಗಿನ ಹುಡುಗೂರಿಗಿ ಗೊತ್ತಿರಲಿಕ್ಕಿಲ್ಲ, ಹೇಳಿಬಿಡ್ತೇನಿ. ನಮ್ಮ ಕಡಿ ಗೀಗೀ ಪದಾ ಹಾಡೋ ಮ್ಯಾಳಗಳು ಯಾವತ್ತೂ ಜೋಡೀಲೇ ಬರ್ತಾವ. ಒಂದು ಹರದೇಶಿ ಮ್ಯಾಳ, ಇನ್ನೊಂದು ನಾಗೇಶಿ ಮ್ಯಾಳ. ಇವರು ಗಂಡು ಹೆಚ್ಚು ಅಂದ್ರ ಅವರು ಹೆಣ್ಣು ಹೆಚ್ಚು ಅಂತಾರ. ಕೈಯಾಗ ಚರ್ಮದ ದಪ್ಪು, ಬಾಜೂಕ ತುಂತುಣಿ ತಂತಿ ಮೀಟೋರೊಬ್ಬರು, ತಾಳ ಬಡಿಯೋರೊಬ್ಬರು. ಒಬ್ಬರು ಹಾಡಿ ಕಡೀಕ ಒಂದು ಸವಾಲು ಹಾಕ್ತಾರ, ಎದುರಿನವರು ಅದಕ್ಕ ಹಾಡಿನ್ಯಾಗೇ ಜವಾಬು ಕೊಡಬೇಕು. ಜವಾಬು ಬರಲಿಲ್ಲ ಅಂದ್ರ ದಪ್ಪು ನೆಲಕ್ಕ ಬೋರಲ ಇಡಬೇಕು. ಆ ಜವಾಬು ಕೊಡೋ ತನಕ ಅದೇ ಎದುರಾಳಿ ಮುಂದ ಮತ್ತ ದಪ್ಪು ಎತ್ತೋಹಂಗಿಲ್ಲ. ಎದುರು ಹಾಡೋರಿಲ್ಲದ ಪದಾ ನಮ್ಮ ಜನ ಕೇಳೋದೇ ಇಲ್ಲ. "ಎದುರ್ಯಾರು?" ಅಂತ ಮೊದಲು ಕೇಳ್ತಾರ, ಆಮ್ಯಾಲ ಕುಂದರ್ತಾರ.

ನನಗ ಇದನ್ನ ಕಲಿಸಿದಂವ ನಮ್ಮ ಸೋದರಮಾವ. ಅವನ ಊರು ಭೀಮಾ ಹೊಳಿ ದಂಡೀ ಮ್ಯಾಲ. ಊರ ಹೆಸರು ಬ್ಯಾಡ, ಅಲ್ಲಿ ನನಗಿನ್ನೂ ಹೋಗಿ ಬರೋದದ. ಸಾಲಿ ಸೂಟಿ ಬಿಟ್ರ ಸಾಕು, ಅಲ್ಲೇ ಬೀಳ್ತಿದ್ದೆ. ಮಾವ ನನ್ನ ಮತ್ತ ತನ್ನ ಮಗಳು ಗಂಗೂನ್ನ ಅಂಗಳದಾಗ ಎದುರಾಬದುರಾ ಕುಂದ್ರಿಸಿ, "ಶರಣಾ, ನೀ ಜ್ವಾಳ. ಗಂಗೂ, ನೀ ಗೋಧಿ. ಹಚ್ಚರಿ" ಅಂತಿದ್ದ. ನಾನು ಜ್ವಾಳದ ಕಡಿ ಬಡದಾಡಿ ಬಡದಾಡಿ ಹಾಡಿ, ಒಳಗ ಹೋಗಿ ಮಾಮಿ ಮಾಡಿದ ಗೋಧಿ ಹೋಳಗಿ ತಿಂತಿದ್ದೆ. ಮರುದಿನ ಅತ್ತಿ-ಸೊಸಿ, ಅದರ ಮರುದಿನ ಬಿಸಲು-ನೆಳ್ಳು. ಯಾವ ಕಡಿ ಕೊಟ್ರೂ ಆ ಕಡಿ ಖರೇ ಅನ್ನಿಸೋಹಂಗ ಹಾಡಬೇಕು. ಸಡ್ಲ ಹಾಡಿದ್ರ ಮಾವಗ ಸಿಟ್ಟು ಬರ್ತಿತ್ತು. "ಬೇಕಂತ ಸೋಲಬ್ಯಾಡಲೇ. ಅದು ಎದುರಿನವರ ಮಾರಿಗಿ ಉಗುಳಿದಂಗ" ಅಂತಿದ್ದ.

ಹಾಡಿ ಗಂಟಲು ಒಣಗಿದ್ರ ಹೊಳಿಗಿ ಓಡೋದು. ಬ್ಯಾಸಗ್ಯಾಗ ಭೀಮಾ ಹರಿಯೋದಿಲ್ಲ, ಬರೇ ಉಸುಕು. ಆದ್ರ ಆ ಉಸುಕಿನ್ಯಾಗ ಮೊಣಕೈ ಮಟ ತೋಡಿದ್ರ ತಳದಾಗ ನೀರು ಬುಳುಬುಳು ಅಂತ ಕೂಡ್ತಿತ್ತು. ಅದಕ್ಕ ವರ್ತಿ ಅಂತೇವಿ. ಮೊದಲಿನ ನೀರು ರಾಡಿ, ಚೆಲ್ಲಬೇಕು. ಆಮ್ಯಾಲ ಬರೋದು ಕನ್ನಡಿಯಂಥಾ ನೀರು. ಗಂಗೂ ತೆಂಗಿನ ಪರಟೀಲೆ ತುಂಬಿ ಕೊಡೋಳು, ನಾ ಕುಡಿದು "ನಮ್ಮೂರ ನೀರೇ ಚೊಲೊ" ಅನ್ನಾಂವ. ಅಕಿ ಉಳಿದ ನೀರು ನನ್ನ ತಲೀ ಮ್ಯಾಲ ಸುರೀತಿದ್ಲು. ಆ ನೀರಿನ ರುಚಿ ಹ್ಯಾಂಗಿತ್ತು ಅಂತ ಈಗ ಕೇಳಿದ್ರ ಹೇಳಾಕ ಬರೋದಿಲ್ಲ. ಸೀ ಇತ್ತು ಅಂತ ಎಲ್ಲಾರೂ ಅಂತಾರ. ನಾ ಮಾತ್ರ ಯಾವತ್ತೂ ಅಂದಿರಲಿಲ್ಲ.

ದೊಡ್ಡವರಾದ ಮ್ಯಾಲ ನಮ್ಮಿಬ್ಬರ ಲಗ್ನದ ಮಾತೂ ಬಂದಿತ್ತು, ಮಾವನ ಮಗಳು ನೋಡ್ರಿ. ಗಂಗೂನೇ ಒಲ್ಲೆ ಅಂದ್ಲು. "ಕಟ್ಟೀ ಮ್ಯಾಲೂ ಇವನ ಕೂಡ ಜಗಳ, ಮನ್ಯಾಗೂ ಜಗಳ, ನಾ ಉಸರಾಡೋದು ಯಾವಾಗಪಾ?" ಅಂದ್ಲಂತ. ಅಕೀನ್ನ ಅದೇ ಊರಾಗ ಕೊಟ್ಟರು, ನನಗ ಶಾಂತಾಬಾಯಿ ಬಂದ್ಲು. ಅಕಿ ನಾಗೇಶಿ ಮ್ಯಾಳ ಕಟ್ಟಿದ್ಲು, ನಾ ಮಾವನ ಹರದೇಶಿ ಮ್ಯಾಳ ಹಿಡದೆ. ಹವಳಗಾದಾಗ ಕಬ್ಬಿನ ಲಾರಿಗಳ ನಡುವ ಹಾಡಿದಿವಿ. ಚೌಡಾಪುರದಾಗ ರಸ್ತಾ ಬಾಜೂಕ ಹಾಡುವಾಗ ಬಸ್ಸಿನ ಹಾರನ್ನು ತಾಳ ತಪ್ಪಿಸ್ತಿತ್ತು. ಖಜೂರಿಯಾಗ ಜನ ನಡುನಡುವ ಮರಾಠಿ ನುಡಿ ಕೇಳ್ತಿದ್ರು, ಗಂಗೂಗ ಬರ್ತಿತ್ತು, ನನಗ ಬರ್ತಿರಲಿಲ್ಲ. ನಾ "ಹೋ ಹೋ" ಅಂತ ದಪ್ಪು ಬಡದು ಪಾರಾಗ್ತಿದ್ದೆ.

ಹಿಂಗಿರುವಾಗ ನಮ್ಮನ್ನ ಸಮಾಜ ಸುಧಾರಣಾ ಮಾಡ್ಲಿಕ್ಕ ಕರೀಲಿಕ್ಕ ಹತ್ತಿದ್ರು. ಸರಕಾರದವರು, ಸಂಘದವರು, ಎಲ್ಲಾರಿಗೂ ಒಮ್ಮಿಗೇ ಜಾನಪದ ನೆನಪಾತು. ಒಮ್ಮಿ ಆಳಂದದಾಗ ಪಾಯಖಾನಿ ಕಟ್ಟಿಸ್ಕೊಳ್ರಿ ಅಂತ ತಿಳಿಸಿ ಹೇಳೋ ಕಾರ್ಯಕ್ರಮ. ಗಂಗೂ ಪಾಯಖಾನಿ ಕಡಿ ಹಾಡಿದ್ಲು, ಭಾಳ ಛಂದ ಹಾಡಿದ್ಲು. ಹಾಡಿ ಸವಾಲು ಹಾಕಿ ಕುಂತ್ಲು. ಈಗ ಯಾರಾದ್ರೂ ಎದುರು ಹಾಡಬೇಕಲ್ರಿ? ನಾ ಎದ್ದೆ. ಬಯಲ ಕಡಿ ಹಾಡಿದೆ. ಮುಂಜಾನಿ ತಂಪು ಗಾಳಿ, ಹಕ್ಕಿ ದನಿ, ಗೆಳ್ಯಾರ ಕೂಡ ಸುಖದುಃಖದ ಮಾತು, ಚಂಬು ಹಿಡಕೊಂಡು ನಡಿಯೋ ರಾಜಗಾಂಭೀರ್ಯ. ಜನ ನಕ್ಕು ನಕ್ಕು ಹೊಟ್ಟಿ ಹಿಡಕೊಂಡ್ರು. ಸಾಹೇಬರು ಕುರ್ಚಿ ಬಿಟ್ಟು ಓಡಿ ಬಂದು ಮೈಕ್ ಕಸಗೊಂಡ್ರು. "ಏನ್ ಹಾಡಾಕತ್ತೀರಿ ನೀವು? ಯಾರ ಕಡಿ ನೀವು?" ನಾ ಏನ್ ಹೇಳಲಿ? "ಎದುರಿನ ಕಡಿರಿ ಸಾಹೇಬ್ರ" ಅಂದೆ. ಅವರಿಗಿ ತಿಳೀಲಿಲ್ಲ. ಮುಂದ ಆ ಓಣ್ಯಾಗ ಪಾಯಖಾನಿ ಕಟ್ಟಿಸ್ಕೊಂಡ್ರಂತ. ಗಂಗೂನ ಪದಾ ಕೇಳಿ ಕಟ್ಟಿಸ್ಕೊಂಡ್ರೋ, ನನ್ನ ಪದಾ ಕೇಳಿ ನಾಚಿ ಕಟ್ಟಿಸ್ಕೊಂಡ್ರೋ, ಇಲ್ಲಾ ಇಬ್ಬರದೂ ಕೇಳದೇ ತಾವೇ ಕಟ್ಟಿಸ್ಕೊಂಡ್ರೋ, ದೇವರಿಗೇ ಗೊತ್ತು. ಆವತ್ತಿನಿಂದ ನನಗ ಈ ಗೊಂದಲ ಹತ್ತಿದ್ದು ಇನ್ನೂ ಬಿಟ್ಟಿಲ್ಲ.

ಹೋದ ಬ್ಯಾಸಗ್ಯಾಗ ಗಂಗೂ ಫೋನ್ ಮಾಡಿದ್ಲು. ಅದಕ್ಕಿಂತ ಮುಂಚೆ ಚಳಿಗಾಲದಾಗ ಮಾವ ತೀರಿಕೊಂಡಿದ್ದ. ಹೊಳಿ ದಂಡಿ ಹೊಲದಾಗೇ ಮಣ್ಣು ಮಾಡಿದಿವಿ.

"ಶರಣಾ, ಹೊಳ್ಯಾಗ ಉಸುಕು ಎತ್ತಾಕತ್ತಾರ. ಜೆಸಿಬಿ ಇಳಿಸ್ಯಾರ. ಹಿಂಗೇ ಬಿಟ್ರ ಮುಂದಿನ ವರ್ಷ ವರ್ತಿ ಇರೋದಿಲ್ಲ ನೋಡು. ನಳದ ನೀರು ಬಾಯಿಗಿ ಹಾಕಾಕ ಬರೋದಿಲ್ಲ, ಊರೆಲ್ಲ ಕುಡಿಯೋದು ಅದೇ ನೀರು."

"ಪಂಚಾಯ್ತಿಗಿ ಹೇಳ್ರಿ."

"ಗ್ರಾಮಸಭಾ ಕರದಾರ. ಹೊಳಿಗಿ ಇಳಿಯೋ ದಾರಿ ಊರಿಂದು. ಟಿಪ್ಪರಿಗಿ ದಾರಿ ಕೊಡಬೇಕೋ ಬ್ಯಾಡೋ ಅಂತ ಆವತ್ತೇ ತೀರ್ಮಾನ. ಸಭಾಕ್ಕಿಂತ ಮೊದಲು ನಾ ಹೊಳಿ ಕಡಿ ಹಾಡ್ತೇನಿ. ನೀ ಬಾ."

"ನಾ ಯಾಕ?"

"ಎದುರು ಹಾಡಾಕ. ಎದುರಿಲ್ಲಂದ್ರ ನನ್ನ ಪದಾ ಯಾರ್ ಕೇಳ್ತಾರಲೇ?"

ಆಳಂದದ ಸಾಹೇಬರ ಮಾರಿ ಕಣ್ಣಮುಂದ ಬಂತು. "ಏ ಗಂಗೂ, ಇದು ಪಾಯಖಾನಿ ಅಲ್ಲ ಬೇ, ಕುಡಿಯೋ ನೀರು" ಅಂದೆ.

"ಅದಕ್ಕೇ ಕರಿಯಾಕತ್ತೇನಿ. ಮತ್ತ ಕೇಳು, ಸಡ್ಲ ಹಾಡಿದ್ರ ನನಗ ಗೊತ್ತಾಗ್ತದ. ಅಪ್ಪನ ಆಣಿ ಅದ ನಿನಗ."

ಫೋನ್ ಇಟ್ಟ ಮ್ಯಾಲ ವಿಚಾರಕ್ಕ ಬಿದ್ದೆ. ನಾ ನನ್ನ ಬದುಕಿನ್ಯಾಗ ಹೊಳಿ ಕಡಿಯವನೋ ಉಸುಕಿನ ಕಡಿಯವನೋ? ಹೊಳಿ ಬತ್ತಿದ್ರ ಮೋಟರು ನೀರಿಲ್ಲದ ಓಡಿ ಸುಡ್ತಾವ, ಸುಟ್ರ ನನಗ ಕೆಲಸ. ಬ್ಯಾಸಗಿ ಬಂದ್ರ ನನ್ನ ಅಂಗಡ್ಯಾಗ ಸುಗ್ಗಿ. ಶಾಂತಾಬಾಯಿಗಿ ಹೇಳಿದೆ, "ನಾ ಮೆತ್ತಗ ಹಾಡಿ ಸೋತು ಬರ್ತೇನಿ." ಅಕಿ ಲಟ್ಟಣಿಗಿ ಕೈಯಾಗ ಹಿಡಕೊಂಡೇ ನಕ್ಕಳು. "ನೀವು? ಸೋಲ್ತೀರಿ? ಪಲ್ಯದಾಗ ಉಪ್ಪು ಹೆಚ್ಚಾಗ್ಯದ ಅಂತ ನಾನೇ ಒಪ್ಪಿಕೊಂಡ್ರ, ಇಲ್ಲ ಕಮ್ಮಿ ಅದ ಅಂತೀರಿ."

ಸಭಾಕ್ಕ ಮೊದಲು ಒಮ್ಮಿ ಹೊಳಿಗಿ ಹೋಗಿ ನೋಡಿ ಬಂದೆ. ಎದುರಿನ ಕಡಿ ಹಾಡಬೇಕಂದ್ರ ಆ ಕಡಿ ಮಾತು ತಿಳೀಬೇಕಲ್ಲ. ಟಿಪ್ಪರಿಗಿ ಉಸುಕು ತುಂಬೋರು ನಮ್ಮ ಮಂದೀನೇ. "ಕಾಕಾ, ಊರ ಸಾಲಿ ಗ್ವಾಡಿ, ನಿಮ್ಮ ಅಂಗಡಿ, ಗಂಗವ್ವನ ಹೊಸಾ ಮನಿ, ಎಲ್ಲಾ ಯಾವ ಉಸುಕಿಲೆ ಕಟ್ಯಾರಂತೀರಿ?" ಅಂತ ಒಬ್ಬಂವ ಕೇಳಿದ. ಖರೇ ಮಾತು. ದಾರಿ ತುಂಬ ಅದೇ ಮಾತು ತಲ್ಯಾಗ ಓಡ್ಯಾಡಿ, ಬಸ್ಸು ಅಫಜಲಪುರ ಮುಟ್ಟೋದ್ರಾಗ ನುಡಿ ತಾನೇ ಕಟ್ಟಿಕೊಂಡು ಕುಂತಿತ್ತು. ನಾ ಸೋಲಬೇಕಂತ ಹೊಂಟಂವ, ಬಾಯಾಗ ಗೆಲ್ಲೋ ಪದಾ ಇಟ್ಟುಕೊಂಡು ಮನಿಗಿ ಬಂದೆ.

ಸಭಾ ಮುಂಜಾನೆದು. ಪಂಚಾಯ್ತಿ ಮುಂದಿನ ಬೇವಿನ ಗಿಡದ ಬುಡಕ ಜಮಖಾನಿ ಹಾಸಿದ್ರು. ಕಲಬುರಗಿಯಿಂದ ಪುಷ್ಪಾ ಅಂತ ಒಬ್ಬ ಹುಡುಗಿ ಬಂದಿದ್ಲು, ಹೊಳಿ ಉಳಿಸಬೇಕಂತ ಊರೂರು ಅಡ್ಡಾಡೋ ಸಂಘದಾಕಿ. ಭಾಳ ಚೊಲೊ ಹುಡುಗಿ, ಬಂದ ಕೂಡ್ಲೆ ಕಾಲು ಮುಟ್ಟಿ ನಮಸ್ಕಾರ ಮಾಡಿದ್ಲು. "ಸರ್, ನೀವೂ ಹೊಳಿ ಬಗ್ಗೇನೇ ಹಾಡ್ತೀರಲ್ಲ?" ಅಂದ್ಲು. "ಇಲ್ಲವಾ, ನಾ ಉಸುಕಿನ ಕಡಿ" ಅಂದೆ. ಅಕಿ ಮಾರಿ ಸಣ್ಣದಾತು. ಗಂಗೂ ಕಡಿ ನೋಡಿದ್ಲು. ಗಂಗೂ ದಪ್ಪು ಬೆಂಕಿಗಿ ಹಿಡದು ಕಾಸಾಕತ್ತಿದ್ಲು. "ಅಂವ ಹಂಗೇ, ಬಿಡವಾ. ನೀ ಕುಂದ್ರು" ಅಂದ್ಲು. ಇನ್ನೊಂದು ಕಡಿ ಟಿಪ್ಪರ್ ಮಾಲಕ ಬಿಳಿ ಅಂಗಿ ಹಾಕ್ಕೊಂಡು, ತನ್ನ ಮಂದೀನ್ನ ಕಟಗೊಂಡು ಬಂದು ಕುಂತಿದ್ದ. ಅಂವ ನನಗ ದೂರಿಂದನೇ ಕೈಮುಗುದ. ನಾನೂ ಮುಗುದೆ. ಮುಗುದ ಮ್ಯಾಲ, ಮುಗೀಬಾರದಿತ್ತೇನೋ ಅನ್ನಿಸ್ತು.

ಗಂಗೂ ಎದ್ದು ನಿಂತು ದನಿ ಎತ್ತಿದ್ಲು.

ಬ್ಯಾಸಗಿ ಬಿಸಲಾಗ ಬೊಗಸಿ ನೀರ ಕೊಟ್ಟಾಕಿ
ಹಾಸಿ ಮಲಗ್ಯಾಳ ಹೊಳಿಯವ್ವ, ಅಕಿ ಹೊದ್ದ
ಉಸುಕಿನ ಕೌದಿ ಸೆಳಿತಾರ

ವಯಸ್ಸಾಗಿ ಅಕಿ ದನಿ ಜರಾ ಒಡದದ. ಒಡದ ದನಿಗೇ ಆ ಪದಾ ಹೊಂದಿತ್ತು. ಹೆಣ್ಮಕ್ಕಳು ಸೆರಗು ಬಾಯಿಗಿ ಹಚ್ಚಿದ್ರು. ಗಂಡಸರು ಮಾತ್ರ ಬೀಡಿ ಹಿಡಕೊಂಡು ನನ್ನ ಕಡೀನೇ ನೋಡಾಕತ್ತಿದ್ರು, ಈಗ ಇಂವ ಏನಂತಾನ ಅಂತ. ನಾ ದಪ್ಪು ತಗೊಂಡೆ.

ಗಚ್ಚಿನ ಮನಿ ಕಟ್ಟಿ ಹೊಳಿಗ್ಯಾಕ ಅಳತೀದಿ
ಹೆಚ್ಚೇನು ಕೇಳಲಿ ನಿನ್ನನ್ನ, ನಿನ ಮನಿಯ
ಗಚ್ಚಿಗಿ ಉಸುಕ ಎಲ್ಲೀದು?

ಸೀಟಿ ಬಿದ್ದಾವ ನೋಡ್ರಿ! ಟಿಪ್ಪರ್ ಮಾಲಕ ತೊಡಿ ಬಡಕೊಂಡು "ವ್ಹಾ ವ್ಹಾ" ಅಂದ. ನನಗ ಏನಾತೋ, ಮೈಯೆಲ್ಲ ಹಗರ ಆತು. ಹಾಡೋನಿಗಿ ಸೀಟಿ ಬಿದ್ರ ಅಂವ ಯಾರ ಕಡಿ ಅಂತ ಅವನಿಗೇ ನೆನಪಿರೋದಿಲ್ಲ. ಒಂದರ ಮ್ಯಾಲೊಂದು ನುಡಿ ಹಾಕಿದೆ. ಕೂಲಿಯವರ ಒಲಿ ಉರಿಯೋದು ಉಸುಕಿಲೆ ಅಂದೆ, ದೇವರ ಗುಡೀನೂ ಉಸುಕಿಲೇ ಕಟ್ಟೀರಿ ಅಂದೆ. ಪುಷ್ಪಾ ಮೊಬೈಲಿನ್ಯಾಗ ವಿಡಿಯೋ ಹಿಡಿಯಾಕತ್ತಿದ್ದಾಕಿ ಕೈ ಇಳಿಸಿಬಿಟ್ಲು.

ಗಂಗೂ ಸೋಲಲಿಲ್ಲ. ಮುಂದಕ್ಕ ಬಂದು, ನನ್ನ ಮಾರಿಗಿ ಮಾರಿ ಕೊಟ್ಟು ಸವಾಲು ಹಾಕಿದ್ಲು.

ಉಸುಕೆಲ್ಲ ಒಯ್ದಮ್ಯಾಲ ವರ್ತಿ ತೋಡಲಿ ಎಲ್ಲಿ
ಹಸುಗೂಸು ನೀರ ಕೇಳಿದರ, ಎದುರಾಳಿ
ಹಸನಾಗಿ ಹೇಳೊ ಜವಾಬ

ಇದಕ್ಕ ಜವಾಬಿಲ್ಲ, ಇಂವ ದಪ್ಪು ಬೋರಲ ಇಡ್ತಾನ ಅಂತ ಎಲ್ಲಾರೂ ತಿಳಕೊಂಡ್ರು. ಗಂಗೂನೂ ತಿಳಕೊಂಡಿರಬೇಕು. ನಾನೂ ಹಂಗೇ ತಿಳಕೊಂಡಿದ್ದೆ, ಖರೇನೇ. ಇಟ್ಟಿದ್ರ ಎಲ್ಲಾ ಛಂದ ಮುಗೀತಿತ್ತು. ಆದ್ರ ಇಡಬೇಕಂತ ಬಗ್ಗಿದಂವನ ಬಾಯಿಗಿ ನುಡಿ ಬಂತು. ಎಲ್ಲಿಂದ ಬಂತೋ, ಬಂತು.

ಕಣ್ಣಾಗ ತೋಡಿಕೊ, ಕೊಡಗಟ್ಲೆ ನೀರದ
ಹೆಣ್ಣಿನ ಕಣ್ಣು ಬತ್ತೂದು ನಾ ಕಾಣೆ
ಮಣ್ಣಿನ ಹೊಳಿಯು ಬತ್ತಿದರ

ಗಂಡಸರು ಹೋ ಅಂತ ನಕ್ಕರು. ಟಿಪ್ಪರ್ ಮಾಲಕ ಎದ್ದು ಬಂದು ನನ್ನ ಹೆಗಲಿಗಿ ಶಾಲು ಹಾಕಿದ. ಗಂಗೂ ಬಾಯಿ ತೆರದ್ಲು, ದನಿ ಬರಲಿಲ್ಲ. ಇನ್ನೊಮ್ಮಿ ತೆರದ್ಲು. ಆಮ್ಯಾಲ ಬಗ್ಗಿ ದಪ್ಪು ನೆಲಕ್ಕ ಬೋರಲ ಇಟ್ಟು, ಹಿಂದ ಹೋಗಿ ಹೆಣ್ಮಕ್ಕಳ ನಡುವ ಕುಂತ್ಲು. ಅಕಿ ಕಣ್ಣಾಗ ನೀರು ಬಂದಿರಲಿಲ್ಲ. ಬಂದಿದ್ರ ನನಗ ಇಷ್ಟು ಕೆಟ್ಟ ಅನ್ನಿಸ್ತಿರಲಿಲ್ಲ.

ಒಂದು ಮಾತು ನಿಮಗ ಹೇಳಬೇಕು. ಮಾವ ಸತ್ತ ಮ್ಯಾಲ ಗಂಗೂ ದಿನಾ ವರ್ತಿಗಿ ನೀರಿಗಿ ಹೋದಾಗ ಅಪ್ಪನ ಸಮಾಧಿ ಬಾಜೂಕ ಕುಂತು ಅಳ್ತಿದ್ಲಂತ. ನೀರಿಗಿ ಬರೋ ಹೆಣ್ಮಕ್ಕಳೇ ಅಕಿ ಕೊಡ ತುಂಬಿ, ಎಬ್ಬಿಸಿ ಮನಿಗಿ ಕರಕೊಂಡು ಬರ್ತಿದ್ರಂತ. ಇದನ್ನ ಶಾಂತಾಬಾಯಿ ಒಮ್ಮಿ ಊಟಕ್ಕ ಬಡಿಸುವಾಗ ಹೇಳಿದ್ಲು. ನಾ ಕೇಳಿದ್ನೋ, ರೊಟ್ಟಿ ಮುರಿಯೋದ್ರಾಗ ಮರತ್ನೋ, ನನಗ ಗೊತ್ತಿಲ್ಲ. ಹಾಡುವಾಗ ಆ ಮಾತು ನೆನಪಿತ್ತೋ ಇಲ್ಲೋ ಅಂತ ಎಷ್ಟು ಕೆದಕಿದ್ರೂ ಸಿಗವಲ್ದು.

ಆದ್ರ ಆ ಹೆಣ್ಮಕ್ಕಳಿಗಿ ನೆನಪಿತ್ತು. ಗಂಡಸರ ನಗು ಇನ್ನೂ ಮುಗಿದಿರಲಿಲ್ಲ, ಒಬ್ಬಾಕಿ ಎದ್ದು ನಿಂತ್ಲು. "ಏನಂದಿ? ನಾವು ಕಣ್ಣಾಗ ತೋಡಿಕೋಬೇಕಾ?" ಇನ್ನೊಬ್ಬಾಕಿ ಎದ್ಲು. ನೋಡ್ತಾ ನೋಡ್ತಾ ಜಮಖಾನಿ ಮ್ಯಾಲಿನ ಹೆಣ್ಮಕ್ಕಳೆಲ್ಲ ಎದ್ದು, ಪಂಚಾಯ್ತಿ ಕಟ್ಟಿ ಹತ್ತಿ ಅಧ್ಯಕ್ಷರ ಮುಂದ ನಿಂತ್ರು. "ದಾರಿ ಕೊಡೋದಿಲ್ಲ ಅಂತ ಬರೀರಿ. ಈಗೇ ಬರೀರಿ. ಬರಿಯೋ ತನಕ ನಾವು ಇಳಿಯೋದಿಲ್ಲ." ಪಾಪ, ಅಧ್ಯಕ್ಷರು ಊಟದ ಹೊತ್ತು ಆತು ಅಂತ ಹೇಳಿ ನೋಡಿದ್ರು, ಗಂಟಲು ಒಣಗೇದ ಅಂತ ಹೇಳಿ ನೋಡಿದ್ರು. "ನೀರು ಬೇಕೇನು? ಕಣ್ಣಾಗ ತೋಡಿಕೊಳ್ರಿ" ಅಂದ್ರು ಹೆಣ್ಮಕ್ಕಳು. ಕಡೀಕ ಠರಾವು ಆತು. ಊರ ದಾರ್ಯಾಗ ಟಿಪ್ಪರು ಹೊಳಿಗಿ ಇಳಿಯೋಹಂಗಿಲ್ಲ. ಹೊಳ್ಯಾಗಿನ ಜೆಸಿಬಿ ದಂಡಿ ಮ್ಯಾಲ ಬಂತು.

ನಾ ಶಾಲು ಹೊತಗೊಂಡು ಬೇವಿನ ಬುಡಕ ನಿಂತೇ ಇದ್ದೆ. ಗೆದ್ದಂವ ನಾನೋ ಸೋತಂವ ನಾನೋ ಒಂದೂ ತಿಳೀಲಿಲ್ಲ. ಟಿಪ್ಪರ್ ಮಾಲಕ ಹೋಗೋವಾಗ ನನ್ನ ಕೈ ಹಿಡದು, "ನಿಮ್ಮದೇನೂ ತಪ್ಪಿಲ್ಲ ಬಿಡ್ರಿ, ನೀವು ಬರೋಬ್ಬರಿ ಹಾಡಿದ್ರಿ" ಅಂದ. ಪುಷ್ಪಾ ಓಡಿ ಬಂದು ಇನ್ನೊಂದು ಕೈ ಹಿಡಿದ್ಲು. "ಸರ್, ನನಗ ಆವಾಗ ತಿಳೀಲಿಲ್ಲ. ನೀವು ಬೇಕಂತನೇ ಹಂಗ ಹಾಡಿದ್ರಿ, ಹೌದಲ್ರಿ? ಏನ್ ತಲಿ ಸರ್ ನಿಮ್ಮದು!" "ಅಲ್ಲವಾ" ಅಂದೆ. ಅಕಿ ಅದನ್ನ ನನ್ನ ದೊಡ್ಡತನ ಅಂತ ತಿಳಕೊಂಡ್ಲು. ಗಂಗೂನ್ನ ಹುಡುಕಿದೆ. ಅಕಿ ದಪ್ಪು ಬಗಲಾಗ ಹಿಡಕೊಂಡು ಮನಿಗಿ ಹೋಗಿಬಿಟ್ಟಿದ್ಲು.

ಆಮ್ಯಾಲ ಅಕಿ ನನ್ನ ಕೂಡ ಮಾತು ಬಿಟ್ಲು. ಫೋನ್ ಮಾಡಿದ್ರ ಅಕಿ ಗಂಡ ಎತ್ತಿ "ನೀರಿಗಿ ಹೋಗ್ಯಾಳ" ಅಂತಿದ್ದ. ಯಾವ ಹೊತ್ತಿಗಿ ಮಾಡಿದ್ರೂ ನೀರಿಗೇ ಹೋಗಿರ್ತಿದ್ಲು. ಜವಾಬು ಬಾಕಿ ಅದ, ಅದಕ್ಕ ಮಾತಾಡವಲ್ಲಳು ಅಂತ ನನಗ ನಾನೇ ಹೇಳಿಕೊಂಡೆ. ಶಾಂತಾಬಾಯಿ ಒಪ್ಪಲಿಲ್ಲ. "ಜವಾಬಲ್ಲ, ಮನಸು ಒಡದದ" ಅಂದ್ಲು. ಅವತ್ತು ನಾ ಎದುರಾಡಲಿಲ್ಲ. ಅಕಿ ಹೆದರಿ ನನ್ನ ಹಣಿ ಮುಟ್ಟಿ ನೋಡಿದ್ಲು, ಜ್ವರಾ ಬಂದಾವೇನು ಅಂತ.

ಈ ನಡುವ ಪುಷ್ಪಾನ ವಿಡಿಯೋ ಎಲ್ಲಾರ ಮೊಬೈಲಿಗೂ ಹೋಗಿತ್ತು. ಕಡೀ ಜವಾಬು ಬರುವಾಗ ಅಕಿ ಮತ್ತ ಕೈ ಎತ್ತಿದ್ಲಂತ. ಉಸುಕು ಎತ್ತೋರು ಅದನ್ನ ನೋಡಿ ನಗ್ತಾರಂತ, ಉಸುಕು ಬ್ಯಾಡ ಅನ್ನೋರು ಅದನ್ನೇ ನೋಡಿ ಸಿಟ್ಟಿಗೇಳ್ತಾರಂತ. ಇಬ್ಬರೂ ಇನ್ನೊಬ್ಬರಿಗಿ ಕಳಸ್ತಾರಂತ. ಒಂದೇ ಪದಾ, ಒಂದೇ ಗಂಟಲು. ನಾ ಯಾರಿಗಿ ಹಾಡಿದೆ?

ಟಿಪ್ಪರ್ ಮಾಲಕ ಸುಮ್ಮನ ಕುಂದ್ರೋ ಮನುಷ್ಯ ಅಲ್ಲ. ಮಳಿಗಾಲ ಕಳದು ಈ ಬ್ಯಾಸಗಿ ಬರೋದ್ರಾಗ ಹೊಳಿ ಕೆಳಗ, ಜೇವರ್ಗಿ ತಾಲೂಕಿನ ಒಂದು ಊರಿನ ದಂಡ್ಯಾಗ ಜೆಸಿಬಿ ಇಳಿಸಿದ. ಹೋದ ವಾರ ಆ ಊರಿಂದ ನನಗ ಫೋನ್ ಬಂತು. ಮೊದಲು ಅಂವಂದೇ. "ಇಲ್ಲೂ ಸಭಾ ಅದರಿ. ನಮ್ಮ ಕಡಿ ಬಂದು ಅದೇ ಪದಾ ಹಾಡ್ರಿ, ಜನಕ್ಕ ಭಾಳ ಸೇರ್ತದ." ಇಟ್ಟು ಚಾ ಕುಡಿಯೋದ್ರಾಗ ಪುಷ್ಪಾಂದು. "ಸರ್, ಜೇವರ್ಗಿ ಕಡಿ ಹೆಣ್ಮಕ್ಕಳು ಎದ್ದು ನಿಂದ್ರವಲ್ಲರು. ನೀವು ಬಂದು ಉಸುಕಿನ ಕಡಿ ಹಾಡಲೇಬೇಕು. ಅದೇ ಪದಾ ಸರ್, ಕಣ್ಣಾಗ ತೋಡಿಕೊ." ಒಂದೇ ಊರು, ಒಂದೇ ಸಭಾ. ಇಬ್ಬರಿಗೂ "ಬರೋದಿಲ್ಲ" ಅಂದೆ. ನನ್ನ ಚಟ ಗೊತ್ತಿದ್ದವರು, ಇಬ್ಬರೂ ಅದನ್ನ ಬರ್ತಾನ ಅಂತ ತಿಳಕೊಂಡ್ರು.

ನಾ ಹೋದ್ರ ಅಲ್ಲಿ ಯಾವ ಹೆಣ್ಣುಮಗಳ ಕಣ್ಣಿಗಿ ಕೈ ಹಾಕಬೇಕು? ಹೋಗದಿದ್ರ ಅವರ ವರ್ತಿ ಹೋದ್ರ? ಮೋಟರಿನ ತಂತಿ ಸುತ್ತುವಾಗ ಸುತ್ತು ತಪ್ಪಾಕತ್ತಿದ್ವು. ಸುತ್ತು ತಪ್ಪಿದ್ರ ಮೋಟರು ಮತ್ತ ಸುಡ್ತದ, ಬಿಚ್ಚಿ ಮೊದಲಿಂದ ಸುತ್ತಬೇಕು. ಹಂಗೇ ಬಿಚ್ಚಿಕೋತ ಕುಂತಿದ್ದೆ, ಅಂಗಡಿ ಮುಂದ ಗಂಗೂ ಬಂದು ನಿಂತ್ಲು.

ತಲೀ ಮ್ಯಾಲ ಸಿಂಬಿ, ಸಿಂಬಿ ಮ್ಯಾಲ ತಾಮ್ರದ ಕೊಡ. ಹೆಗಲಿಗಿ ಅರಬಿ ಚೀಲ, ಅದರಾಗ ದಪ್ಪು. ಬಸ್ಸಿನ್ಯಾಗ ಆ ಕೊಡ ಹ್ಯಾಂಗ ತಂದ್ಲೋ, ಎಷ್ಟು ಮಂದೀ ಮ್ಯಾಲ ಚೆಲ್ಲಿದ್ಲೋ. ನಾ ಎದ್ದು ಕೈ ಹಚ್ಚಾಕ ಹೋದ್ರ "ಬಾಜೂಕ ಸರಿ" ಅಂದು, ತಾನೇ ಇಳಿಸಿ ಮೋಟರುಗಳ ನಡುವ ಇಟ್ಲು. ಬಾಯಿಗಿ ಕಟ್ಟಿದ ಅರಬಿ ಬಿಚ್ಚಿದ್ಲು. ಗಿಲಾಸು ಎದ್ದಿ ನನ್ನ ಮುಂದ ಹಿಡಿದ್ಲು.

"ಕಣ್ಣಾಗಿಂದಲ್ಲ. ವರ್ತೀದು. ಕುಡಿ."

ಅದೇ ಅಕಿ ಜವಾಬು. ಗಿಲಾಸು ಇಸಗೊಂಡೆ. ಒಂದೇ ಗುಟುಕಿಗಿ ಕುಡದೆ.

"ಹ್ಯಾಂಗದ?"

ನಮ್ಮೂರ ನೀರೇ ಚೊಲೊ ಅಂತ ನಾಲಿಗಿ ತುದಿಗಿ ಬಂದಿತ್ತು. ತಡದು ಹಿಡದೆ. "ಸೀ ಅದ ಗಂಗೂ" ಅಂದೆ. ಇಷ್ಟು ವರ್ಷದಾಗ ಮೊದಲನೇ ಸಲ.

ಅಕಿ ತಲಿ ಅಲ್ಲಾಡಿಸಿದ್ಲು. "ಇಲ್ಲ. ಸುಳ್ಳು ಹೇಳಬ್ಯಾಡ. ಈ ವರ್ಷ ಉಪ್ಪಾಗ್ಯದ. ಜೆಸಿಬಿ ತೋಡಿದ ತೆಗ್ಗಿನ್ಯಾಗ ಕೆಟ್ಟ ನೀರು ನಿಂತದ, ಅದು ಒಳಗೊಳಗೇ ಬಂದು ಕೂಡ್ಯದ. ದಾರಿ ಬಂದ್ ಮಾಡೋದ್ರಾಗ ಅಷ್ಟು ಒಯ್ದುಬಿಟ್ಟಿದ್ರು."

ಇನ್ನೊಂದು ಗಿಲಾಸು ಎದ್ದಿ ಕುಡದೆ. ಅಕಿ ಅಂದದ್ದು ಖರೇ ಇತ್ತು.

"ಗಂಗೂ, ಆವತ್ತ ಆ ನುಡಿ ನಾ..." ಅ‌ನ್ನೋದ್ರಾಗ ಅಕಿ ಕೈ ಅಡ್ಡ ಹಿಡಿದ್ಲು.

"ಕೇಳಾಕ ಬಂದಿಲ್ಲ ನಾ. ಜೇವರ್ಗಿ ಕಡಿಂದ ನನಗೂ ಕರದಾರ. ಹೋಗೋಣು. ಆದ್ರ ಈ ಸಲ ಕಡಿ ಬದಲಿ. ಉಸುಕಿನ ಕಡಿ ನಾ ಹಾಡ್ತೇನಿ. ಹೊಳಿ ಕಡಿ ನೀ ಹಾಡು."

"ಏನಂತೀ ಬೇ? ಹೊಳಿ ಕಡಿ ನನಗ ಒಂದು ನುಡಿನೂ ಬರೋದಿಲ್ಲ!"

"ಬರ್ತದ" ಅಂದು ಅಕಿ ಎದ್ಲು. ಸಿಂಬಿ ಝಾಡಿಸಿ ಹೆಗಲ ಮ್ಯಾಲ ಹಾಕ್ಕೊಂಡ್ಲು. ಕೊಡ ಮಾತ್ರ ಅಲ್ಲೇ ಬಿಟ್ಲು. "ಸಡ್ಲ ಹಾಡಬ್ಯಾಡ. ನಾ ಬಿಡೋಳಲ್ಲ ನಿನ್ನ. ಇನ್ನೂ ಕೊಡದ ತುಂಬ ನೀರದ, ಕುಡಿ."

ಸಭಾ ಸಮೀಪ ಬಂತು. ಮುಂಜಾನೆದ್ದು ಅಂಗಡಿ ತೆರದು ಒಂದು ಗಿಲಾಸು ಕುಡೀತೇನಿ, ದಪ್ಪು ತಗೊಂಡು ಕುಂದರ್ತೇನಿ. ಪದಾ ಬರೋದಿಲ್ಲ, ಬಾಯಿ ಉಪ್ಪಾಗ್ತದ. ಮತ್ತೊಂದು ಗಿಲಾಸು ಕುಡೀತೇನಿ.